ಕೋಳಿ ಕಣ್ಣು ಊದ್ಕೊಂಡಿದ್ಯಾ? ಡ್ರಾಪ್ಸ್ ಹಾಕೋ ಮುಂಚೆ ಮೂಗು ನೋಡಿ, ಬಾಯಿ ನೋಡಿ, ಗೂಡು ನೋಡಿ

ಓದುಗರ ಪ್ರಶ್ನೆ: ಡಾಕ್ಟ್ರೇ, ನಮ್ದು ತೀರ್ಥಹಳ್ಳಿ ಕಡೆ. ಮನೆ ಹಿಂದೆ ಹನ್ನೊಂದು ಹೇಂಟೆ, ಒಂದು ಹುಂಜ ಇದಾವೆ, ಎಲ್ಲಾ ನಾಟಿ. ಎರಡು ವಾರದ ಹಿಂದೆ ಸಂತೆಯಿಂದ ಮೂರು ಗಿರಿರಾಜ ತಂದು ಅದೇ ಗೂಡಿಗೆ ಬಿಟ್ವಿ. ನಾಲ್ಕು ದಿನಕ್ಕೆ ಒಂದು ನಾಟಿ ಹೇಂಟೆ ಕಣ್ಣಲ್ಲಿ ನೀರು ಶುರುವಾಯ್ತು, ಆಮೇಲೆ ಕಣ್ಣ ಕೆಳಗೆ ಗೋಲಿ ಇಟ್ಟಂಗೆ ಊತ, ಈಗ ಕಣ್ಣು ಪೂರ್ತಿ ಮುಚ್ಕೊಂಡಿದೆ, ಒಳಗೆ ಬೆಳ್ಳಗೆ ಏನೋ ಗಟ್ಟಿ ಕಾಣತ್ತೆ. ಮುಖದ ಹತ್ರ ಹೋದ್ರೆ ಕೆಟ್ಟ ವಾಸನೆ. ಪಕ್ಕದ್ಮನೆ ಅಜ್ಜಿ ಹೇಳಿದ್ರು ಅಂತ ಎರಡು ದಿನ ಈರುಳ್ಳಿ ರಸ ಬಿಟ್ವಿ, ಕಮ್ಮಿ ಆಗ್ಲಿಲ್ಲ. ನಮ್ಮ ಯಜಮಾನ್ರಿಗೆ ಕಣ್ಣು ಬಂದಾಗ ತಂದಿದ್ದ ಡ್ರಾಪ್ಸ್ ಉಳಿದಿತ್ತು, ಈಗ ಅದನ್ನ ಹಾಕ್ತಿದೀನಿ. ಇನ್ನೆರಡು ಕೋಳಿಗೂ ಶುರುವಾಗಿದೆ. ಮಳೆ ಅಂತ ರಾತ್ರಿ ಗೂಡಿಗೆ ಟಾರ್ಪಾಲ್ ಮುಚ್ತೀವಿ, ಒಳಗೆ ಸುಣ್ಣ ಎರಚಿದೀವಿ. ಮಾವ ಹೇಳ್ತಾರೆ ಎಲ್ಲಾನೂ ಕೊಯ್ದು ಹಾಕಿ ಅಂತ. ಮಕ್ಕಳು ದಿನಾ ಮೊಟ್ಟೆ ತಿಂತಾರೆ, ತಿನ್ಬಹುದಾ? ಕಣ್ಣು ಹೋದ್ರೆ ಆ ಕೋಳಿ ಬದುಕತ್ತಾ?

ಉತ್ತರ: ಮೊದ್ಲು ಆ ಡ್ರಾಪ್ಸ್ ಬಾಟ್ಲಿ ತಿರುಗಿಸಿ ಹಿಂದೆ ಏನ್ ಬರೆದಿದೆ ಓದಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್, ಈ ಮೂರರಲ್ಲಿ ಯಾವ್ದಾದ್ರೂ ಒಂದು ಹೆಸರು ಇದ್ರೆ ಇವತ್ತೇ ನಿಲ್ಸಿ. ಇವೆಲ್ಲಾ ಸ್ಟೀರಾಯ್ಡ್. ಮನುಷ್ಯರಿಗೆ ಕಣ್ಣು ಕೆಂಪಾದಾಗ ಬರೆದುಕೊಡೋ ಎಷ್ಟೋ ಡ್ರಾಪ್ಸಲ್ಲಿ ಆಂಟಿಬಯೋಟಿಕ್ ಜೊತೆ ಇದೂ ಸೇರಿರತ್ತೆ. ಕೋಳಿ ಕಣ್ಣಿನ ಕರಿಗುಡ್ಡೆ ಮೇಲೆ ಒಂದು ಸಣ್ಣ ಹುಣ್ಣಿದ್ರೂ ಸ್ಟೀರಾಯ್ಡ್ ಅದನ್ನ ಮಾಯೋಕೆ ಬಿಡಲ್ಲ, ಹುಣ್ಣು ಆಳಕ್ಕೆ ಇಳಿದು ಕಣ್ಣೇ ಒಡೆದು ಹೋಗ್ಬಹುದು. ಇದು ನನ್ನ ಕೈಯಲ್ಲೇ ಆಗಿದೆ. ಸರ್ವಿಸಿಗೆ ಸೇರಿದ ಹೊಸದರಲ್ಲಿ ಒಬ್ಬರು ಬುಟ್ಟೀಲಿ ಹೇಂಟೆ ತಂದಿದ್ರು, ಹುಂಜದ ಕೊಕ್ಕು ತಾಗಿ ಗಾಯ ಆಗಿತ್ತು, ನಾನು ಹುಣ್ಣಿದ್ಯಾ ಅಂತ ಬಣ್ಣ ಹಾಕಿ ಪರೀಕ್ಷೆ ಮಾಡದೇ ಅಂಥದೇ ಡ್ರಾಪ್ಸ್ ಬರೆದುಕೊಟ್ಟೆ. ಮೊದಲೆರಡು ದಿನ ಊತ ಇಳಿದು ಎಲ್ಲರಿಗೂ ಖುಷಿ, ಆರನೇ ದಿನ ಅವರು ವಾಪಸ್ ತಂದಾಗ ಕಣ್ಣು ಬತ್ತಿ ಒಳಗೆ ಕುಸಿದಿತ್ತು. ಆ ಹೆಂಗಸು ನನ್ನನ್ನ ಒಂದು ಮಾತೂ ಬೈಲಿಲ್ಲ, ಅದೇ ನಂಗೆ ಇವತ್ತಿಗೂ ನೆನಪಿರೋದು. ಆವತ್ತಿಂದ ಕಣ್ಣಿನ ಕೇಸ್ ಬಂದ್ರೆ ಪರೀಕ್ಷೆ ಮಾಡದೇ ಸ್ಟೀರಾಯ್ಡ್ ಮುಟ್ಟಿಲ್ಲ.

ಇನ್ನೊಂದು ಹೆಸರೂ ನೋಡಿ, ಕ್ಲೋರಂಫೆನಿಕಾಲ್. ಮೆಡಿಕಲ್ ಶಾಪಲ್ಲಿ ಸಣ್ಣ ಕ್ಯಾಪ್ಸೂಲಲ್ಲಿ ಸಿಗೋ ಕಣ್ಣಿನ ಮುಲಾಮು ಇದೆಯಲ್ಲ, ಅದರಲ್ಲಿ ಸಾಮಾನ್ಯವಾಗಿ ಇದೇ ಇರತ್ತೆ. ಮೊಟ್ಟೆ ಮಾಂಸಕ್ಕೆ ಸಾಕೋ ಪ್ರಾಣಿಗೆ ಇದನ್ನ ಹಾಕೋ ಹಾಗಿಲ್ಲ. ಇದು ಅಪರೂಪಕ್ಕೆ ಕೆಲವರಲ್ಲಿ ಮೂಳೆ ಒಳಗೆ ರಕ್ತ ತಯಾರಾಗೋದನ್ನೇ ನಿಲ್ಲಿಸಿಬಿಡತ್ತೆ, ಹಾಗಾಗಿ ಮೊಟ್ಟೇಲಿ ಇಷ್ಟು ಇದ್ರೆ ಪರವಾಗಿಲ್ಲ ಅನ್ನೋ ಲೆಕ್ಕವೇ ಇದಕ್ಕಿಲ್ಲ.

ಈಗ ನಿಮ್ಮ ಕೋಳಿ ವಿಷಯಕ್ಕೆ ಬರ್ತೀನಿ. ಕಣ್ಣು ಊದಿದೆ ಅಂದ ತಕ್ಷಣ ಎಲ್ಲರೂ ಕಣ್ಣಿಗೆ ಏನ್ ಹಾಕೋದು ಅಂತಲೇ ಕೇಳ್ತಾರೆ, ಆದ್ರೆ ನಾನು ನೋಡಿದ ಹೆಚ್ಚಿನ ಕೇಸಲ್ಲಿ ಕಾಯಿಲೆ ಕಣ್ಣಿಂದು ಆಗಿರಲ್ಲ. ಕೋಳಿಗೆ ಕಣ್ಣ ಕೆಳಗೆ ಚರ್ಮದಡೀಲಿ ಒಂದು ಸೈನಸ್ ಚೀಲ ಇದೆ, ಅದು ಮೂಗಿಗೆ ಸೇರಿಕೊಂಡಿದೆ. ಮೂಗಿಗೆ ಬಂದ ಸೋಂಕು ಆ ಚೀಲದಲ್ಲಿ ತುಂಬ್ಕೊಂಡ್ರೆ ಹೊರಗಿಂದ ನಮಗೆ ಕಾಣೋದು ಕಣ್ಣಿನ ಊತ. ನೀವು ಗೋಲಿ ಥರ ಅಂದ್ರಲ್ಲ, ಅದು ಇದೇ. ಮೇಲಿಂದ ಎಷ್ಟು ಡ್ರಾಪ್ಸ್ ಹಾಕಿದ್ರೂ ಆ ಚೀಲದೊಳಗೆ ಹೋಗಲ್ಲ.

ಇನ್ನೂ ಒಂದು ವಿಷಯ ತಿಳ್ಕೊಂಡ್ರೆ ಅರ್ಧ ಗೊಂದಲ ಹೋಗತ್ತೆ. ನಮಗೆ, ದನಕ್ಕೆ, ನಾಯಿಗೆ ಕೀವು ಆದ್ರೆ ಅದು ನೀರಾಗಿ ಹರಿದು ಹೋಗತ್ತೆ. ಕೋಳಿ ರಕ್ತದ ಬಿಳಿ ಕಣಗಳಲ್ಲಿ ಹಾಗೆ ಕೀವನ್ನ ಕರಗಿಸೋ ಕಿಣ್ವ ಇಲ್ಲ, ಅದಕ್ಕೇ ಕೋಳಿ ಕೀವು ಹರಿಯಲ್ಲ, ಗಟ್ಟಿ ಆಗತ್ತೆ, ಥೇಟ್ ಬೇಯಿಸಿದ ಮೊಟ್ಟೆಯ ಬಿಳಿ ಥರ. ನಿಮಗೆ ಕಣ್ಣೊಳಗೆ ಬೆಳ್ಳಗೆ ಕಾಣ್ತಿರೋದು ಕಣ್ಣುಗುಡ್ಡೆ ಅಲ್ಲ, ರೆಪ್ಪೆ ಮತ್ತೆ ಗುಡ್ಡೆ ಮಧ್ಯೆ ಕೂತಿರೋ ಆ ಗಟ್ಟಿ ಕೀವಿರಬೇಕು. ಎಷ್ಟೋ ಜನ ಅದನ್ನ ನೋಡಿ ಕಣ್ಣು ಹೋಯ್ತು ಅಂತ ಕೋಳೀನ ಕೊಯ್ದುಬಿಡ್ತಾರೆ, ತೆಗೆದು ನೋಡಿದ್ರೆ ಅದರ ಹಿಂದೆ ಕಣ್ಣು ಹೊಳೀತಾ ಚೆನ್ನಾಗೇ ಇರತ್ತೆ.

ಅಜ್ಜಿ ಮೇಲೆ ಬೇಜಾರು ಮಾಡ್ಕೋಬೇಡಿ, ಅವರ ಕಾಲದಲ್ಲಿ ಕೋಳಿಗೆ ಡಾಕ್ಟ್ರು ಎಲ್ಲಿದ್ರು. ಆದ್ರೆ ಈರುಳ್ಳಿ ರಸ, ಹೊಗೆಸೊಪ್ಪಿನ ನೀರು, ನಿಂಬೆರಸ ಯಾವ್ದೂ ಕಣ್ಣೊಳಗೆ ಬೇಡ, ಇವು ಗುಡ್ಡೆ ಮೇಲಿನ ತೆಳು ಪದರವನ್ನ ಸುಡತ್ತೆ. ರಸ ಬಿಟ್ಟಾಗ ನೀರು ಸುರಿಯೋದನ್ನ ನೋಡಿ ಕೆಟ್ಟದ್ದು ಹೊರಗೆ ಬರ್ತಿದೆ ಅಂದ್ಕೋತಾರೆ, ಅದು ಉರಿಗೆ ಬರೋ ಕಣ್ಣೀರು ಅಷ್ಟೇ. ಎದೆಹಾಲು ಹಾಕೋರನ್ನೂ ನೋಡಿದೀನಿ, ಅದರಿಂದ ಉರಿ ಇಲ್ಲ, ಆದ್ರೆ ಈ ಕಾಯಿಲೆಗೆ ಉಪಯೋಗವೂ ಇಲ್ಲ. ಅರಿಶಿನ ಕೊಬ್ಬರಿಎಣ್ಣೆ ಕಲಸಿ ಕೋಳಿ ಸಿಡುಬಿನ ಹಕ್ಕಳೆಗೆ ಹೊರಗೆ ಹಚ್ಚೋದಾದ್ರೆ ನನ್ನ ತಕರಾರಿಲ್ಲ, ಹಕ್ಕಳೆ ಮೆತ್ತಗಾಗತ್ತೆ.

ಕಣ್ಣಿನ ತೊಂದ್ರೆ ಅಂದ್ರೆ ಒಂದೇ ಕಾಯಿಲೆ ಅಲ್ಲ. ಆಸ್ಪತ್ರೆಗೆ ಕೋಳಿ ಬಂದಾಗ ನಾನು ಮೊದ್ಲು ಕೇಳೋದು ಎಷ್ಟು ಕೋಳಿಗೆ, ಒಂದು ಕಣ್ಣಾ ಎರಡೂ ಕಣ್ಣಾ, ಎಷ್ಟು ದಿನದಲ್ಲಿ ಹರಡ್ತು, ವಾಸನೆ ಇದ್ಯಾ, ಹೊಸ ಕೋಳಿ ತಂದ್ರಾ, ಏನ್ ಮೇವು ಹಾಕ್ತೀರಾ. ಒಂದೇ ಕೋಳಿ, ಒಂದೇ ಕಣ್ಣು, ಮೂಗು ಸ್ವಚ್ಛ ಇದೆ ಅಂದ್ರೆ ಹೆಚ್ಚಾಗಿ ಪೆಟ್ಟು ಬಿದ್ದಿದೆ ಇಲ್ಲಾ ಭತ್ತದ ಹೊಟ್ಟು ಸಿಕ್ಕಿದೆ. ಕಣ್ಣ ಮೂಲೇಲಿ ಸೋಪಿನ ನೊರೆ ಥರ ಸಣ್ಣ ಗುಳ್ಳೆ, ಜೊತೆಗೆ ರಾತ್ರಿ ಗೊರಗೊರ ಅನ್ನೋ ಉಸಿರು, ವಾರಗಟ್ಟಲೆ ಹೋಗ್ತಾ ಬರ್ತಾ ಇದ್ರೆ ಅದು ಮೈಕೋಪ್ಲಾಸ್ಮಾ ಅನ್ನೋ ರೋಗಾಣು, ಫಾರಂನವರು ಸಿಆರ್‌ಡಿ ಅಂತಾರೆ, ಅಂದ್ರೆ ಬಹುಕಾಲ ಕಾಡೋ ಉಸಿರಾಟದ ಕಾಯಿಲೆ, ಇದು ಮೊಟ್ಟೆ ಮೂಲಕ ಮರಿಗೂ ಹೋಗತ್ತೆ. ರೆಪ್ಪೆ, ಜುಟ್ಟು, ಕೊಕ್ಕಿನ ಬುಡದಲ್ಲಿ ಕಂದು ಹಕ್ಕಳೆ ಕಟ್ಟಿದ್ರೆ ಕೋಳಿ ಸಿಡುಬು, ಸೊಳ್ಳೆ ಹರಡೋದು, ವೈರಸ್ಸು, ಆಂಟಿಬಯೋಟಿಕ್‌ಗೆ ಬಗ್ಗಲ್ಲ, ಮೂರು ನಾಲ್ಕು ವಾರದಲ್ಲಿ ತಾನೇ ಉದುರತ್ತೆ, ಹಕ್ಕಳೆ ಕಿತ್ತರೆ ರಕ್ತ ಬಂದು ಇನ್ನೂ ಹರಡತ್ತೆ, ಕೀಳಬೇಡಿ. ಕಣ್ಣಿನ ಕಪ್ಪು ಬೊಂಬೆ ವಕ್ರ ಆಗಿ ಬಣ್ಣ ಬೂದಿ ಥರ ಆಗ್ತಾ ಬಂದ್ರೆ ಮ್ಯಾರೆಕ್ಸ್ ಅನ್ನೋ ಕಾಯಿಲೆ, ಅದಕ್ಕೆ ಔಷಧಿ ಇಲ್ಲ. ಕಣ್ಣ ಸುತ್ತ ಎಳ್ಳು ಅಂಟಿಸಿದ ಹಾಗೆ ಕಪ್ಪು ಚುಕ್ಕಿ ಇದ್ರೆ ಅದು ಅಂಟು ಚಿಗಟ, ಸೀಮೆಎಣ್ಣೆ ಹಚ್ಚಬೇಡಿ ದಯವಿಟ್ಟು, ಒಂದಿಷ್ಟು ವ್ಯಾಸಲೀನ್ ದಪ್ಪಗೆ ಮೆತ್ತಿ ಬಿಟ್ರೆ ಉಸಿರು ಕಟ್ಟಿ ಸಾಯ್ತವೆ, ಆಮೇಲೆ ಚಿಮಟದಲ್ಲಿ ತೆಗೀರಿ. ಮಲೆನಾಡು ಕರಾವಳಿ ಕಡೆ ಕಣ್ಣಿನ ಹುಳಾನೂ ಮನಸ್ಸಲ್ಲಿಟ್ಕೋಬೇಕು, ಸೌದೆ ರಾಶಿ, ಗೊಬ್ಬರದ ಅಡಿಯಲ್ಲಿರೋ ಒಂದು ಜಾತಿ ಜಿರಲೆ ತಿಂದ್ರೆ ಬರತ್ತೆ, ಬಿಳಿ ನೂಲಿನ ಥರದ ಹುಳ ಕಣ್ಣಿನ ಒಳರೆಪ್ಪೆ ಅಡೀಲಿ ಓಡಾಡತ್ತೆ, ಅದನ್ನ ಡಾಕ್ಟ್ರೇ ಮರಗಟ್ಟೋ ಡ್ರಾಪ್ಸ್ ಹಾಕಿ ತೆಗೀಬೇಕು.

ವಿಟಮಿನ್ ಎ ಕೊರತೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಇದನ್ನ ಸೋಂಕು ಅಂದ್ಕೊಂಡು ತಿಂಗಳುಗಟ್ಟಲೆ ಆಂಟಿಬಯೋಟಿಕ್ ಕೊಡ್ತಾನೇ ಇರ್ತಾರೆ. ಬುಟ್ಟಿ ಕೆಳಗೆ ಕವುಚಿ ಹಾಕಿ ಬರೀ ರೇಷನ್ ಅಕ್ಕಿ, ರಾಗಿ ಹಾಕಿ ಸಾಕೋ ಕೋಳಿಗೆ ಇದು ಬರತ್ತೆ. ಕಣ್ಣಲ್ಲಿ ಅದೇ ಬಿಳಿ ಗಟ್ಟಿ, ಆದ್ರೆ ವಾಸನೆ ಇಲ್ಲ, ಹರಡೋದು ನಿಧಾನ, ಬಾಯಿ ಅಗಲಿಸಿ ನೋಡಿದ್ರೆ ಅಂಗಳ, ಗಂಟಲ ಕಡೆ ರವೆ ಕಾಳು ಉದುರಿಸಿದ ಹಾಗೆ ಬಿಳಿ ಬೊಕ್ಕೆ. ಒಬ್ಬ ಅಜ್ಜಿ ನಾಯಿ ಕಾಟಕ್ಕೆ ಹೆದರಿ ಆರು ಕೋಳೀನ ವರ್ಷಪೂರ್ತಿ ಕೊಟ್ಟಿಗೇಲೇ ಕೂಡಿ ಹಾಕಿದ್ರು, ಬರೀ ಅನ್ನ. ದಿನಾ ಒಂದು ಹಿಡಿ ನುಗ್ಗೆಸೊಪ್ಪು, ಹಣ್ಣಾದ ಪಪ್ಪಾಯಿ, ಅಕ್ಕಿ ಬದಲು ಹಳದಿ ಮೆಕ್ಕೆಜೋಳದ ನುಚ್ಚು ಹಾಕಿ ಅಂದೆ, ಜೊತೆಗೆ ಒಂದು ವಾರ ವಿಟಮಿನ್ ಡ್ರಾಪ್ಸ್. ಮೂರು ವಾರ ಬಿಟ್ಟು ಅವರೇ ನಡ್ಕೊಂಡು ಬಂದು ನಾಲ್ಕು ಮೊಟ್ಟೆ ನನ್ನ ಟೇಬಲ್ ಮೇಲಿಟ್ಟು ಹೋದ್ರು. ನಿಮ್ಮ ಕೋಳಿ ಹಗಲು ಬಯಲಲ್ಲಿ ಮೇಯ್ತಿದ್ರೆ ಇದು ಇರೋ ಸಾಧ್ಯತೆ ಕಮ್ಮಿ, ಆದ್ರೂ ಬಾಯಿ ಬಿಡಿಸಿ ನೋಡಿಬಿಡಿ, ಖರ್ಚೇನಿಲ್ಲ.

ನಿಮ್ಮ ಕೇಸಲ್ಲಿ ಸಂತೆಯಿಂದ ಹೊಸ ಕೋಳಿ, ನಾಲ್ಕೇ ದಿನದಲ್ಲಿ ಶುರು, ಎರಡು ವಾರದೊಳಗೆ ಮೂರಕ್ಕೆ, ಮುಖ ಊತ, ಕೊಳೆತ ವಾಸನೆ, ಇಷ್ಟೂ ಸೇರಿದ್ರೆ ನನ್ನ ಅನುಮಾನ ಕೊರೈಜಾ ಮೇಲೆ. ಇದೊಂದು ಬ್ಯಾಕ್ಟೀರಿಯಾ ಸೋಂಕು, ತಗುಲಿ ಒಂದರಿಂದ ಮೂರು ದಿನಕ್ಕೆ ಕಾಣಿಸ್ಕೊಳ್ಳತ್ತೆ, ಹರಡೋದು ಮುಖ್ಯವಾಗಿ ಒಂದೇ ಪಾತ್ರೆ ನೀರಿಂದ. ಆ ವಾಸನೆ ಒಮ್ಮೆ ಮೂಗಿಗೆ ಹೊಡೆದ್ರೆ ಮರೆಯೋದಿಲ್ಲ, ನಾನು ಬುಟ್ಟಿ ಮುಚ್ಚಳ ತೆಗೆಯೋ ಮುಂಚೆನೇ ಹೇಳಿದ್ದೂ ಉಂಟು. ಸಂತೆ ಕೋಳಿ ನೋಡೋಕೆ ಗಟ್ಟಿಮುಟ್ಟಾಗಿದ್ವಲ್ಲ ಅಂತ ನೀವು ಕೇಳ್ಬಹುದು. ಒಮ್ಮೆ ಈ ಕಾಯಿಲೆ ಬಂದು ವಾಸಿ ಆದ ಕೋಳಿ ನೋಡೋಕೆ ಚೆನ್ನಾಗಿರತ್ತೆ, ಆದ್ರೆ ಮೂಗಲ್ಲಿ ರೋಗಾಣು ಇಟ್ಕೊಂಡೇ ಓಡಾಡತ್ತೆ. ಗಿರಿರಾಜ ತಳಿಯ ತಪ್ಪಲ್ಲ ಇದು, ಹೆಬ್ಬಾಳದಲ್ಲಿ ನಮ್ಮ ಹಿತ್ತಲಿಗೆ ಅಂತಲೇ ರೂಪಿಸಿದ ಒಳ್ಳೆ ತಳಿ, ತಪ್ಪು ಬಂದ ದಿನವೇ ಒಂದೇ ಗೂಡಿಗೆ ಬಿಟ್ಟಿದ್ದು. ಮುಂದಿನ ಸಲ ಎಲ್ಲಿಂದ ತಂದ್ರೂ ಮೂರು ನಾಲ್ಕು ವಾರ ಬೇರೆ ಕಡೆ, ಬೇರೆ ನೀರು, ಬೇರೆ ಪಾತ್ರೆ.

ಇದರ ಮೇಲೆ ನಿಮ್ಮ ಟಾರ್ಪಾಲ್ ಮತ್ತೆ ಸುಣ್ಣ. ಮಳೆಗಾಲದಲ್ಲಿ ಗೂಡು ಪೂರ್ತಿ ಮುಚ್ಚಿದ್ರೆ ಒದ್ದೆ ಹಿಕ್ಕೆಯಿಂದ ಅಮೋನಿಯಾ ಏಳತ್ತೆ, ಅದು ಕಣ್ಣೀರಲ್ಲಿ ಕರಗಿ ಗುಡ್ಡೆಯನ್ನೇ ಸುಡತ್ತೆ, ಮೂಗಿನ ಒಳಪದರ ಹಾಳಾಗಿ ಸೋಂಕಿಗೆ ದಾರಿ ಆಗತ್ತೆ. ಒದ್ದೆ ಹಿಕ್ಕೆ ಮೇಲೆ ಸುಣ್ಣ ಎರಚಿದ್ರೆ ವಾಸನೆ ಕಮ್ಮಿ ಆಗತ್ತೆ ಅಂತ ಎಲ್ಲಾ ಕಡೆ ನಂಬಿಕೆ ಇದೆ, ಆಗೋದು ತಿರುಗಾಮುರುಗ, ಸುಣ್ಣದ ಕ್ಷಾರಕ್ಕೆ ಅಮೋನಿಯಾ ಇನ್ನೂ ಜಾಸ್ತಿ ಹೊರಗೆ ಬರತ್ತೆ, ಪುಡಿ ಹಾರಿ ಕಣ್ಣಿಗೂ ಬೀಳತ್ತೆ. ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಕೂತು, ಕೋಳಿ ತಲೆ ಎಷ್ಟು ಎತ್ತರದಲ್ಲಿರತ್ತೋ ಅಷ್ಟಕ್ಕೆ ನಿಮ್ಮ ಮುಖ ತಂದು ಉಸಿರೆಳೀರಿ. ನಿಮಗೆ ಕಣ್ಣು ಚುರ್ ಅಂದ್ರೆ ಅವು ರಾತ್ರಿಯಿಡೀ ಅದರಲ್ಲೇ ಇದ್ವು ಅಂತ ಅರ್ಥ. ನೆಲದ ಹೊಟ್ಟು ಒಂದು ಹಿಡಿ ಅಮುಕಿ ನೋಡಿ, ಉಂಡೆ ಕಟ್ಟಿ ಹಾಗೇ ನಿಂತ್ರೆ ಒದ್ದೆ ಜಾಸ್ತಿ, ಪೂರ್ತಿ ತೆಗೆದು ಒಣ ಭತ್ತದ ಹೊಟ್ಟು ನಾಲ್ಕು ಬೆರಳು ದಪ್ಪ ಹಾಕಿ. ಟಾರ್ಪಾಲ್ ಗಾಳಿ ಮಳೆ ಹೊಡೆಯೋ ಒಂದು ಕಡೆಗೆ ಮಾತ್ರ ಕಟ್ಟಿ, ಸೂರಿನ ಕೆಳಗೆ ಒಂದು ಗೇಣು ಸುತ್ತಲೂ ಬಿಡಿ, ಕಾಡುಬೆಕ್ಕು ಮುಂಗುಸಿ ಭಯ ಇದ್ರೆ ಅಲ್ಲಿ ಜಾಲರಿ ಹೊಡೀರಿ.

ಇವತ್ತೇ ಕಾಯಿಲೆ ಬಂದ ಆ ಮೂರನ್ನೂ ಬೇರೆ ಇಡಿ, ಸಂತೆಯ ಮೂರನ್ನ ಇನ್ನೊಂದು ಕಡೆ. ಮೊದ್ಲು ಚೆನ್ನಾಗಿರೋ ಕೋಳಿ ಕೆಲಸ ಮುಗಿಸಿ, ಕೊನೆಗೆ ಕಾಯಿಲೆಯವು, ಆಮೇಲೆ ಸೋಪು ಹಾಕಿ ಕೈ ತೊಳೀರಿ. ಕಣ್ಣು ತೊಳೆಯೋಕೆ ಮೆಡಿಕಲಲ್ಲಿ ನಾರ್ಮಲ್ ಸಲೈನ್ ಸಿಗತ್ತೆ, ಇಲ್ಲಾಂದ್ರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಟೀ ಚಮಚದಲ್ಲಿ ಮಟ್ಟಸವಾಗಿ ಒಂದೂವರೆ. ಕೋಳೀನ ಹಳೇ ಟವೆಲಲ್ಲಿ ಸುತ್ತಿ ತೊಡೆ ಮೇಲಿಟ್ಕೊಳ್ಳಿ, ಆದ್ರೆ ಎದೆ ಬಿಗಿಯಾಗಿ ಹಿಡೀಬೇಡಿ, ಕೋಳಿಗೆ ನಮ್ಮ ಹಾಗೆ ಎದೆ ಹೊಟ್ಟೆ ನಡುವೆ ಉಸಿರಾಡಿಸೋ ವಪೆ ಇಲ್ಲ, ಎದೆಮೂಳೆ ಮೇಲೆ ಕೆಳಗೆ ಆಡಿದ್ರೇನೇ ಉಸಿರು, ಬಿಗಿ ಹಿಡಿದು ಕೈಯಲ್ಲೇ ಸತ್ತ ಕೋಳಿ ನೋಡಿದೀನಿ. ಉಗುರು ಬೆಚ್ಚಗಿನ ಸಲೈನಲ್ಲಿ ಹತ್ತಿ ನೆನೆಸಿ ಮುಚ್ಚಿದ ಕಣ್ಣ ಮೇಲೆ ಐದು ನಿಮಿಷ ಇಡಿ, ಅವಸರ ಬೇಡ, ಆರಿದ್ರೆ ಮತ್ತೆ ನೆನೆಸಿ. ಅಂಟು ಬಿಟ್ಟ ಮೇಲೆ ಕೆಳರೆಪ್ಪೆಯನ್ನ ಹೆಬ್ಬೆರಳಲ್ಲಿ ಮೆಲ್ಲಗೆ ಕೆಳಗೆ ಎಳೀರಿ, ಗಟ್ಟಿ ಕೀವು ಸಾಮಾನ್ಯವಾಗಿ ಅಲ್ಲೇ ಚೀಲ ಮಾಡ್ಕೊಂಡು ಕೂತಿರತ್ತೆ. ಸೂಜಿ ಇಲ್ಲದ ಸಿರಿಂಜಲ್ಲಿ ಮೂಲೆಯಿಂದ ಸಲೈನ್ ಹಾಯಿಸಿ ರೆಪ್ಪೆ ಹೊರಗಿಂದ ಸ್ವಲ್ಪ ಒತ್ತಿದ್ರೆ ಹುಣಿಸೆ ಬೀಜ ಜಾರಿದ ಹಾಗೆ ಇಡಿಯಾಗಿ ಹೊರಗೆ ಬರತ್ತೆ. ಬರ್ಲಿಲ್ಲ ಅಂದ್ರೆ ಬಿಟ್ಬಿಡಿ, ಸಂಜೆ ಮತ್ತೆ ನೆನೆಸಿ, ಪಿನ್ನು ಕಡ್ಡಿ ಹಾಕಿ ಕೆದಕಿದ್ರೆ ಗುಡ್ಡೆ ಕೀರಿ ಹೋಗತ್ತೆ. ಒಳಮೂಲೆಯಿಂದ ಅಡ್ಡಕ್ಕೆ ಒಂದು ತೆಳು ಪೊರೆ ಸರ್ರನೆ ಬಂದು ಹೋಗತ್ತೆ, ಅದು ಕೋಳಿಯ ಮೂರನೇ ರೆಪ್ಪೆ, ಅದನ್ನ ಕೀವು ಅಂದ್ಕೊಂಡು ಎಳೆಯೋಕೆ ಹೋಗ್ಬೇಡಿ. ಕಣ್ಣ ಕೆಳಗಿನ ಗೋಲಿ ಊತವನ್ನ ಬ್ಲೇಡಲ್ಲಿ ಕುಯ್ಯೋದೂ ಬೇಡ, ಅಲ್ಲಿ ರಕ್ತನಾಳ ಜಾಸ್ತಿ, ಅದನ್ನ ಡಾಕ್ಟ್ರ ಕೈಲೇ ಮಾಡಿಸಿ.

ಔಷಧಿಗೆ ಹತ್ತಿರದ ದನದ ಆಸ್ಪತ್ರೆಗೆ ಕಾಯಿಲೆ ಕೋಳೀನೇ ತಗೊಂಡು ಹೋಗಿ, ಫೋಟೋ ಸಾಲಲ್ಲ, ಹೋಗೋಕಾಗ್ದಿದ್ರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಕೇಳಿ. ಕೊರೈಜಾಕ್ಕೆ ಎರಿತ್ರೋಮೈಸಿನ್, ಆಕ್ಸಿಟೆಟ್ರಾಸೈಕ್ಲಿನ್, ಸಲ್ಫಾ ಜಾತಿ ಔಷಧಿ ಕೆಲಸ ಮಾಡತ್ತೆ, ಯಾವ್ದು ಎಷ್ಟು ಅನ್ನೋದು ಕೋಳಿ ತೂಕ ನೋಡಿ ಅವರೇ ಹೇಳ್ಬೇಕು. ಹನ್ನೆರಡು ಹದಿನೈದು ಕೋಳಿ ಅಷ್ಟೇ ಇರೋದ್ರಿಂದ ನೀರಿಗೆ ಬೆರೆಸೋದಕ್ಕಿಂತ ಒಂದೊಂದಕ್ಕೂ ಬಾಯಿಗೆ ಕೊಡೋದೇ ಒಳ್ಳೇದು ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಕಣ್ಣು ಕಾಣದ ಕೋಳಿ ನೀರೇ ಕುಡಿದಿರಲ್ಲ. ಟೆಟ್ರಾಸೈಕ್ಲಿನ್ ಜಾತಿದು ಕೊಟ್ರೆ ಆ ದಿನಗಳಲ್ಲಿ ಚಿಪ್ಪಿನ ಪುಡಿ ನಿಲ್ಸಿ, ಕ್ಯಾಲ್ಸಿಯಂ ಔಷಧಿಯನ್ನ ಹಿಡಿದುಬಿಡತ್ತೆ. ಎರಡು ದಿನಕ್ಕೆ ಊತ ಇಳೀತು ಅಂತ ಮಧ್ಯದಲ್ಲಿ ಬಿಡಬೇಡಿ, ಹಾಗೆ ಬಿಟ್ಟವು ಮತ್ತೆ ಮರುಕಳಿಸಿ ಬರ್ತವೆ.

ಮೊಟ್ಟೆ ವಿಷಯ. ಕೊರೈಜಾ ಮನುಷ್ಯರಿಗೆ ಬರಲ್ಲ, ಇಲ್ಲಿವರೆಗೆ ಮಕ್ಕಳು ತಿಂದ ಮೊಟ್ಟೆಗೆ ಹೆದರಬೇಡಿ, ಕೋಳಿಗೆ ಔಷಧಿ ಹೊಟ್ಟೆಗೆ ಹೋಗಿಲ್ಲವಲ್ಲ. ನೀವು ಡ್ರಾಪ್ಸ್ ಹಾಕ್ತಿರೋ ಹೇಂಟೆ ಮೊಟ್ಟೆ ಮಾತ್ರ ಬಿಡಿ. ಆದ್ರೆ ಆಂಟಿಬಯೋಟಿಕ್ ಶುರು ಮಾಡಿದ ದಿನದಿಂದ, ಮುಗಿದು ಡಾಕ್ಟ್ರು ಹೇಳಿದಷ್ಟು ದಿನ ಆಗೋವರೆಗೆ, ಔಷಧಿ ಕೊಟ್ಟ ಎಲ್ಲಾ ಕೋಳಿ ಮೊಟ್ಟೇನೂ ಹೂತುಬಿಡಿ, ಪಕ್ಕದ್ಮನೆಗೂ ಕೊಡ್ಬೇಡಿ, ಅದೇ ದಿನಗಳಲ್ಲಿ ಕೊಯ್ದು ತಿನ್ನೋದೂ ಬೇಡ. ಮೊಟ್ಟೆ ಒಳಗಿನ ಹಳದಿ ಭಂಡಾರ ಬೆಳೆದು ದೊಡ್ಡದಾಗೋಕೆ ಸುಮಾರು ಹತ್ತು ದಿನ ಹಿಡಿಯತ್ತೆ, ಆ ಹತ್ತು ದಿನದಲ್ಲಿ ರಕ್ತದಲ್ಲಿದ್ದ ಔಷಧಿ ಅದರೊಳಗೆ ಪದರ ಪದರವಾಗಿ ಕೂರತ್ತೆ, ಔಷಧಿ ನಿಲ್ಸಿದ ಮಾರನೇ ದಿನದ ಮೊಟ್ಟೆ ಶುದ್ಧ ಅಂತ ಹೇಳೋಕಾಗಲ್ಲ. ಎನ್ರೋಫ್ಲಾಕ್ಸಾಸಿನ್ ಅನ್ನೋ ಆಂಟಿಬಯೋಟಿಕ್ ಅಂಗಡೀಲಿ ಸುಲಭವಾಗಿ ಕೊಡ್ತಾರೆ, ಮೊಟ್ಟೆ ಇಡೋ ಕೋಳಿಗೆ ನಾನು ಅದನ್ನ ಬರೆಯಲ್ಲ.

ಮಾವನವರ ಮಾತು ಪೂರ್ತಿ ತಪ್ಪಲ್ಲ, ಅದೂ ಒಂದು ದಾರಿನೇ. ಔಷಧಿ ಕೊಟ್ರೆ ಕೋಳಿ ಬದುಕತ್ತೆ, ಈ ಕಾಯಿಲೇಲಿ ಸಾಯೋದು ಕಮ್ಮಿ, ಆದ್ರೆ ನಿಮ್ಮ ಹಿಂಡೇ ರೋಗಾಣು ಹೊತ್ತ ಹಿಂಡಾಗತ್ತೆ. ಈ ಹಿಂಡಿಂದ ಯಾರಿಗೂ ಕೋಳಿ ಕೊಡಬಾರದು, ಹೊಸದನ್ನ ಸೇರಿಸಿದ್ರೆ ಅದಕ್ಕೆ ಬರತ್ತೆ, ಚಳಿ ಮಳೆಗೆ ಹಳೇದಕ್ಕೂ ಮತ್ತೆ ಎದ್ದು ಬರಬಹುದು. ಇಷ್ಟಕ್ಕೆ ಒಪ್ಪಿದ್ರೆ ಉಳಿಸ್ಕೊಳ್ಳಿ, ಮನೆಗೆ ಮೊಟ್ಟೆ ಸಿಕ್ಕರೆ ಸಾಕು ಅನ್ನೋರಿಗೆ ಇದೇ ಸರಿ. ಮರಿ ಮಾಡಿ ಮಾರೋ ಯೋಚನೆ ಇದ್ರೆ ಹಿಂಡು ಖಾಲಿ ಮಾಡಿ, ಗೂಡು ತೊಳೆದು ಒಣಗಿಸಿ ಎರಡು ಮೂರು ವಾರ ಖಾಲಿ ಬಿಟ್ಟು ಹೊಸದಾಗಿ ಶುರು ಮಾಡೋದು ಒಳ್ಳೇದು, ಈ ಬ್ಯಾಕ್ಟೀರಿಯಾ ಕೋಳಿ ಮೈ ಬಿಟ್ಟು ಹೊರಗೆ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕಲ್ಲ. ನಿಮ್ಮ ಜಾಗದಲ್ಲಿ ನಾನಿದ್ರೆ ನಾಟಿ ಕೋಳಿ ಉಳಿಸ್ಕೊಂಡು ಸಂತೆಯ ಮೂರರಿಂದ ಮರಿ ಮಾಡೋ ಆಸೆ ಬಿಡ್ತಿದ್ದೆ.

ಒಂದೇ ಒಂದು ಕಡೆ ಮಾತ್ರ ಕಾಯಬೇಡಿ. ಒಂದೆರಡು ದಿನದಲ್ಲಿ ನಾಲ್ಕೈದು ಕೋಳಿ ಪಟಪಟ ಸತ್ರೆ, ತಲೆ ಊದಿ ಜುಟ್ಟು ನೀಲಿಯಾದ್ರೆ, ಹಸಿರು ಭೇದಿ, ಕತ್ತು ತಿರುಚೋದು ಕಂಡ್ರೆ ಅದು ಕೊಕ್ಕರೆ ರೋಗ (ರಾಣಿಖೇತ್) ಇರಬಹುದು, ಹಕ್ಕಿಜ್ವರವೂ ಇರಬಹುದು. ಆಗ ಕೊಯ್ಯೋದು, ಪುಕ್ಕ ತೆಗೆಯೋದು ಏನೂ ಮಾಡದೆ ಆಸ್ಪತ್ರೆಗೆ ತಿಳಿಸಿ, ಮಕ್ಕಳನ್ನ ದೂರ ಇಡಿ. ಕೊಕ್ಕರೆ ರೋಗದ ವೈರಸ್ ನಮ್ಮ ಕಣ್ಣಿಗೆ ಬಿದ್ರೆ ನಮಗೂ ಕಣ್ಣು ಕೆಂಪಾಗತ್ತೆ, ಲಸಿಕೆ ಹಾಕೋವಾಗ ಹನಿ ಸಿಡಿದು ನನಗೇ ನಾಲ್ಕು ದಿನ ಆಗಿತ್ತು. ಆ ರೋಗಕ್ಕೆ, ಸಿಡುಬಿಗೆ ಲಸಿಕೆ ಇದೆ. ಒಂದು ಬಾಟ್ಲೀಲಿ ನೂರಾರು ಡೋಸ್ ಇರೋದ್ರಿಂದ ಹತ್ತು ಕೋಳಿಗೆ ಅಂತ ಯಾರೂ ತೆಗೆಯಲ್ಲ, ಅಕ್ಕಪಕ್ಕದ ನಾಲ್ಕು ಮನೆಯವರು ಒಂದೇ ದಿನ ಸೇರ್ಕೊಂಡ್ರೆ ಕೆಲಸ ಆಗತ್ತೆ.

ಇನ್ನು ಕಣ್ಣು ಹೋದ್ರೆ ಬದುಕತ್ತಾ ಅಂತ ಕೇಳಿದ್ರಿ. ಒಂದು ಕಣ್ಣು ಹೋದ ಕೋಳಿ ಚೆನ್ನಾಗೇ ಬದುಕತ್ತೆ, ಮೊಟ್ಟೇನೂ ಇಡತ್ತೆ. ಮೊದಲ ಎರಡು ವಾರ ಕಷ್ಟ, ಕಾಳು ಎಲ್ಲಿದೆ ಅಂತ ಅಂದಾಜು ಸಿಗದೆ ನೆಲಕ್ಕೆ ಕುಕ್ಕುತ್ತಾ ಇರತ್ತೆ, ಬೇರೆ ಕೋಳಿ ಕಾಣದ ಕಡೆಯಿಂದ ಬಂದು ಕುಕ್ಕಿ ಓಡಿಸ್ತವೆ. ಆ ದಿನಗಳಲ್ಲಿ ಅದಕ್ಕೆ ಬೇರೆ ಕಡೆ, ಸ್ವಲ್ಪ ಆಳ ಇರೋ ಬಟ್ಟಲಲ್ಲಿ ಕಾಳು ತುಂಬಿಸಿ ಇಡಿ, ನೆಲಕ್ಕೆ ಎರಚಬೇಡಿ, ಬಟ್ಟಲ ಜಾಗ ಬದಲಾಯಿಸಬೇಡಿ. ಹತ್ರ ಹೋಗೋವಾಗ ಕಾಣೋ ಕಣ್ಣಿನ ಕಡೆಯಿಂದ, ಬಾ ಬಾ ಬಾ ಅಂತ ಕರೀತಾ ಹೋಗಿ.